ಎಣ್ಣೆ ಬಟ್ಟಲಲ್ಲಿ ಬಿಳಿ ಕಣ್ಣು

ಆರು ಸಾವಿರದ ನಾನೂರ ಏಳನೆಯ ತಲೆ, ಮರಿಹುಳು ಗೂಡು ಕಟ್ಟಲು ಬಾಟಲಿಯ ಗಾಜು ಹತ್ತುವ ದಿನ.

ಹಣ್ಣಿನ ನೊಣಗಳನ್ನು ಮೊದಲು ಬಾಟಲಿಗೆ ಹಾಕಿದ ಹಿರಿಯರಿಗೆ, ನೊಣಮನೆಯ ಪಾಲಯ್ಯ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಇಲ್ಲಿ ವರ್ಷ ಎಣಿಸುವ ರೂಢಿ ತಪ್ಪಿಹೋಗಿದೆ. ಹದಿನೈದು ದಿನಕ್ಕೊಮ್ಮೆ ನೊಣಗಳನ್ನು ಹಳೆಯ ಬಾಟಲಿಯಿಂದ ಹೊಸದಕ್ಕೆ ದಾಟಿಸುತ್ತೇವೆ. ಅದು ಒಂದು ತಲೆ, ಎಂದರೆ ನೊಣಗಳ ಒಂದು ತಲೆಮಾರು. ನಿಮ್ಮಿಂದ ನನ್ನವರೆಗೆ ಇನ್ನೂರ ಅರವತ್ತು ವರ್ಷದ ಮೇಲಾಗಿರಬೇಕು. ಈ ಕಾಗದ ಹಿಂದಕ್ಕೆ ಹೇಗೆ ಬರುತ್ತದೋ ನನಗೂ ತಿಳಿಯದು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮಾತಾಡಿಸುವವರಿಲ್ಲದೆ ಅದು ತುಕ್ಕು ಹಿಡಿದಿದೆ.

ನೀವು ಕೊಟ್ಟುಹೋದ ನೊಣಗಳಿಗೆ ನಾವು ಎತ್ತುರೆಕ್ಕೆ ಎನ್ನುತ್ತೇವೆ. ಅವು ಹಾರಲಾರವು. ಅವುಗಳ ಸ್ನಾಯುವಿನಲ್ಲಿ ಒಂದು ಪ್ರೋಟೀನು ಎಳೆಯುತ್ತದೆ, ಇನ್ನೊಂದು ಸಾಕು ಎಂದು ತಡೆಯುತ್ತದೆ. ತಡೆಯುವುದು ಹುಟ್ಟಿನಲ್ಲೇ ಕೆಟ್ಟಿರುವುದರಿಂದ ಎಳೆತಕ್ಕೆ ಸ್ನಾಯು ಹರಿದುಹೋಗಿ, ರೆಕ್ಕೆ ಮೇಲೆದ್ದು ನಿಂತುಬಿಡುತ್ತದೆ. ನನಗೆ ಈ ಕೆಲಸ ಕಲಿಸಿದ ಸೋದರತ್ತೆ ಕಾಟಮ್ಮ ಮೊದಲ ದಿನವೇ ಬಾಟಲಿ ತೋರಿಸಿ, "ನೋಡ್ಲಾ, ನಿಮ್ಮ ಮಾವ ಕೈಯೆತ್ಕಂಡು ಭಾಷಣಕ್ಕೆ ನಿಂತಂಗೆ ನಿಂತವೆ," ಎಂದಿದ್ದಳು. ಬೆಳಿಗ್ಗೆ ರಾಗಿಹಿಟ್ಟು, ಬೆಲ್ಲ, ಯೀಸ್ಟು ಹಾಕಿ ನೊಣಗಳಿಗೆ ಅಂಬಲಿ ಕಾಯಿಸುವುದು, ಮಧ್ಯಾಹ್ನ ಬಾಟಲಿ ತೊಳೆಯುವುದು. ಅಂಬಲಿಯ ತಳ ಕೆರೆದು ತಿನ್ನಲು ಆಗ ಹನ್ನೊಂದು ಮನೆಯ ಮಕ್ಕಳು ಜಗಳವಾಡುತ್ತಿದ್ದರು.

ಅದೇ ತಡೆಯುವ ಪ್ರೋಟೀನು ನಮ್ಮ ಊರಿನವರ ಮೈಯಲ್ಲೂ ಕೆಟ್ಟಿದೆ. ಮೊದಲು ತೋಳು ಏಳುವುದಿಲ್ಲ, ಆಮೇಲೆ ಉಸಿರು. ಕಾಟಮ್ಮನ ಕೊನೆಯ ದಿನಗಳಲ್ಲಿ ತಲೆ ಬಾಚಿದ್ದು ನಾನು. ಹನ್ನೊಂದು ಮನೆಗಳಲ್ಲಿ ಈಗ ಒಲೆ ಉರಿಯುವುದು ನನ್ನದೊಂದರಲ್ಲೇ. ಮದ್ದು ಸಿಗುವುದಾದರೆ ಈ ನೊಣಗಳಿಂದಲೇ ಎಂದು ಅವುಗಳನ್ನು ಸಾಕುತ್ತ ಬಂದೆವು.

ಸಾಕುವುದರಲ್ಲಿ ನಮ್ಮದೊಂದು ಕಟ್ಟಳೆ ಇತ್ತು. ಎತ್ತುರೆಕ್ಕೆಯ ಬಾಟಲಿಯಲ್ಲಿ ಯಾವುದಾದರೂ ಹಾರಿದರೆ, ಅದು ಹೊರಗಿನಿಂದ ನುಸುಳಿದ್ದು. ತಳಿ ಕೆಡದಂತೆ ಹರಳೆಣ್ಣೆಯ ಬಟ್ಟಲಿಗೆ ಹಾಕಬೇಕು. ಹಾಕುವಾಗ ಮುಖ ತಿರುಗಿಸಬೇಕು. "ಜೀವ ತಗೀತಿದೀಯ ಪಾಲಯ್ಯ, ಕಣ್ಣಿಟ್ಟು ನೋಡಬ್ಯಾಡ," ಎನ್ನುತ್ತಿದ್ದಳು ಅತ್ತೆ. ಅವಳಿಗೆ ಅವಳತ್ತೆ ಹಾಗೆಯೇ ಹೇಳಿದ್ದಳಂತೆ. ದಫ್ತರದಲ್ಲಿ ಬೇರೆ ಬೇರೆ ಕೈಬರಹದಲ್ಲಿ, ವರ್ಷಕ್ಕೊಂದರಂತೆ, 'ಒಂದು ಹಾರಿತು, ಎಣ್ಣೆಗೆ' ಎಂದಿದೆ.

ಮೂವತ್ತೊಂದು ತಲೆಯ ಹಿಂದೆ ನಾನೂ ಒಂದನ್ನು ಹಾಕಿ ಮುಖ ತಿರುಗಿಸಿದೆ. ತಿರುಗಿದ ಕಡೆ ಖಾಲಿ ಗೋಡೆ. ನೋಡಲು ಮನೆಯಲ್ಲಿ ಬೇರೆ ಮುಖವೇ ಇರಲಿಲ್ಲ. ಹಾಗಾಗಿ ಬಟ್ಟಲಿನತ್ತಲೇ ಬಗ್ಗಿದೆ.

ಅದರ ಕಣ್ಣು ಬಿಳಿ. ಹೊರಗಿನ ನೊಣಗಳ ಕಣ್ಣು ಕೆಂಪು. ಗುರುತಿರಲೆಂದು ನೀವೇ ಅಲ್ಲವೇ ಈ ತಳಿಗೆ ಬಿಳಿ ಕಣ್ಣು ಕೂಡಿಸಿದ್ದು? ಅದು ನುಸುಳಿದ್ದಲ್ಲ, ನಮ್ಮ ಮನೆಯದೇ. ತಡೆಯುವ ಪ್ರೋಟೀನು ಕೆಟ್ಟೇ ಇದ್ದರೂ, ಎಳೆಯುವ ಪ್ರೋಟೀನು ತಾನಾಗಿ ಬದಲಾಗಿ, ಎಳೆತ ಮೆತ್ತಗಾಗಿ, ರೆಕ್ಕೆ ಕೆಳಗಿಳಿದಿರಬೇಕು. ನಾವು ಕಾಯುತ್ತಿದ್ದ ಮದ್ದಿನ ದಾರಿ ವರ್ಷವರ್ಷವೂ ಹುಟ್ಟಿಬಂದಿತ್ತು. ನಾವು ಮರುಕಪಟ್ಟು, ಮುಖ ತಿರುಗಿಸಿ, ಅದನ್ನು ಮುಳುಗಿಸಿದ್ದೆವು.

ಬಟ್ಟಲನ್ನು ತೊಳೆದು ಬೋರಲು ಹಾಕಿದ್ದೇನೆ. ಅಂಬಲಿ ತುಂಬಿದ ಒಂದು ಬಾಟಲಿ ಅದರ ಪಕ್ಕದಲ್ಲಿ ಸದಾ ಸಿದ್ಧವಿದೆ. ಆಮೇಲೆ ಒಂದೂ ಹಾರಿಲ್ಲ. ನನ್ನ ಬಲತೋಳು ಈಗ ಭುಜದ ಮೇಲೆ ಏಳುವುದಿಲ್ಲ. ಬಾಟಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ದಾಟಿಸುತ್ತೇನೆ. ಇನ್ನೆಷ್ಟು ತಲೆ ದಾಟಿಸುತ್ತೇನೋ ಕಾಣೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಬಾಟಲಿಯಲ್ಲಿ ಒಂದು ಹಾರಿದರೆ, ದಯವಿಟ್ಟು ಕಣ್ಣು ನೋಡಿ. ಬಿಳಿಯಿದ್ದರೆ ಬೇರೆ ಬಾಟಲಿಗೆ ಬಿಡಿ. ನೀವು ಉಳಿಸಿದರೆ ಅದರ ಸಂತಾನ ಕೈಯಿಂದ ಕೈಗೆ ದಾಟಿ, ಕಾಟಮ್ಮನ ಕಪಾಟಿಗೆ ಅವಳ ತೋಳು ಇನ್ನೂ ಏಳುತ್ತಿದ್ದ ಕಾಲದಲ್ಲೇ ಬಂದು ಮುಟ್ಟುತ್ತದೆ.

ಬಿಡುವಾಗ ಜೊತೆಗೊಂದು ನೊಣವನ್ನೂ ಬಿಡಿ. ಒಂಟಿಯಾಗಿ ಮಾತ್ರ ಇಡಬೇಡಿ.