ಹಡಗಲಿಗೆ ಹೋದ ನನ್ನ ವಾಕ್ಯಗಳು

ಜೂನ್ 9, ಸೋಮವಾರ. ಕೊಟ್ಟೂರು

ಮನೆಯಲ್ಲೇ ನಡೆಸುವ ಇಂಗ್ಲಿಷ್ ಕ್ಲಾಸಿನ ಬೆಳಗಿನ ಬ್ಯಾಚ್. ಮತ್ತದೇ ಅಡಾಪ್ಟ್–ಅಡ್ಯಾಪ್ಟ್. ಒಂದು ದತ್ತು ತೆಗೆದುಕೊಳ್ಳುವುದು, ಇನ್ನೊಂದು ಹೊಂದಿಕೊಳ್ಳುವುದು. ಎಷ್ಟು ಬಡಕೊಂಡರೂ ಅದಲುಬದಲು ಮಾಡುತ್ತಾರೆ. ಅದಕ್ಕೇ ಮಗ್ಗಿಯ ಹಾಗೆ ಕೂಗಿಸುತ್ತೇನೆ: "ಅನ್ನದಾನಮ್ಮ ಬೆಕ್ಕಿನ ಮರಿ ಅಡಾಪ್ಟ್ ಮಾಡಿದಳು, ಮರಿ ಅಂಬಲಿಗೆ ಅಡ್ಯಾಪ್ಟ್ ಆಯಿತು." ಅನ್ನದಾನಮ್ಮ ನನ್ನ ಅತ್ತೆ. ಬೆಕ್ಕೂ ನಮ್ಮದೇ.

ಕ್ಲಾಸ್ ಬಿಟ್ಟ ಮೇಲೆ ವಿದ್ಯಾರ್ಥಿನಿ ಹಂಪಮ್ಮ ಬಂದಳು. ಹಡಗಲಿಯ ಹೊಸ ಕೋಚಿಂಗಿನಲ್ಲಿ ಡೆಮೊ ಕ್ಲಾಸ್ ನೋಡಿ ಬಂದಳಂತೆ. ನನ್ನೆದುರೇ ಹೇಳುತ್ತಾಳೆ, ಧೈರ್ಯ ನೋಡು.

"ಮೇಡಂ, ಅಲ್ಲೂ ಅನ್ನದಾನಮ್ಮನ ಬೆಕ್ಕು ಐತ್ರಿ."

ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಟ್ಟಿದ ವಾಕ್ಯಗಳು. ಅವಕ್ಕಾಗಿಯೇ ಹುಡುಗರು ಬಸ್ ಹತ್ತಿ ಬರುವುದು... ಹಡಗಲಿಯಲ್ಲೇ ಸಿಕ್ಕರೆ ಈ ಕ್ಲಾಸಿಗೆ ಬೀಗ.

ಯಾರು ಕೊಟ್ಟರು?

ಜೂನ್ 11, ಬುಧ

ಕ್ರಾಂತಿಕುಮಾರ್. ನನ್ನ ಜೊತೆ ಗಣಿತ ಕಲಿಸುವವನು. ಕೂಡ್ಲಿಗಿಯಿಂದ ಬೇಗ ಬಂದು, ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳುತ್ತಾನೆ. ಯಾಕೆ ಕೇಳಬೇಕು? ಫೋನ್ ಬಂದರೆ ಹೊರಗೆ ಹೋಗುತ್ತಾನೆ — ಯಾರದ್ದು?

ಅತ್ತೆ ಅಂದರು: "ಅವನ ಮ್ಯಾಲೆ ಒಂದು ಕಣ್ಣಿಡವ್ವ. ಎಷ್ಟಾದ್ರೂ ಹೊರಗಿನವ್ರು."

ಇವತ್ತು ಹೊಸ ಜೋಡಿ. ಕ್ವಯಟ್ ಅಂದರೆ ಸದ್ದಿಲ್ಲದ್ದು, ಕ್ವೈಟ್ ಅಂದರೆ ಸಾಕಷ್ಟು. ಹೊಸ ವಾಕ್ಯ ಕಟ್ಟಿ ಕೂಗಿಸಿದೆ. ಅವನೂ ಕೇಳಿದ. ನೋಡೋಣ.

ಜೂನ್ 13, ಶುಕ್ರ

ಹೊಸ ವಾಕ್ಯವೂ ಹೋಯಿತು ಹಡಗಲಿಗೆ. ಹಂಪಮ್ಮನ ಗೆಳತಿ ಅಲ್ಲಿ ಓದುತ್ತಾಳೆ, ಅವಳು ಕಳಿಸಿದ ಮೆಸೇಜನ್ನು ಹಂಪಮ್ಮ ತೋರಿಸಿದಳು.

ಎಲ್ಲರೆದುರೇ ಕೇಳಿದೆ — ಎಷ್ಟಕ್ಕೆ ಮಾರಿದೆ? ಕ್ರಾಂತಿ ಡಸ್ಟರ್ ಕೆಳಗಿಟ್ಟ. "ನಾನಲ್ರಿ ಮೇಡಂ." ಅಷ್ಟೇ. ನಾಳೆಯಿಂದ ಬರಬೇಡ ಎಂದೆ, ಹೋದ. ಕಳ್ಳನಲ್ಲದಿದ್ದರೆ ಜಗಳ ಮಾಡುತ್ತಿರಲಿಲ್ಲವೇ?

ಜೂನ್ 24, ಮಂಗಳ

ಗಂಟಲು ಕಟ್ಟಿತ್ತು. ಹುಡುಗರಿಗೆ ಕೂಗಲು ಹೇಳಿ ಬಿಸಿನೀರಿಗೆ ಒಳಗೆ ಹೋದೆ. ಅಡುಗೆಮನೆ ಕ್ಲಾಸಿಗೆ ತಾಗಿಯೇ ಇದೆ, ನಡುವೆ ಒಂದು ಕಿಟಕಿ. ಅತ್ತೆ ಜೋಳ ಹಸನು ಮಾಡುತ್ತಿದ್ದರು, ಫೋನ್ ಸ್ಪೀಕರಿನಲ್ಲಿತ್ತು. ನಾದಿನಿ ಭಾಗ್ಯಳ ದನಿ. ಹಡಗಲಿಗೆ ಕೊಟ್ಟ ಮಗಳು.

"ಯವ್ವಾ, ಕಿಟಕಿ ಹತ್ರ ಇಡು. ಸರಿಯಾಗಿ ಕೇಳಸವಲ್ದು."

ಅತ್ತೆಗೆ ನಾಚಿಕೆಯೂ ಆಗಲಿಲ್ಲ. "ಆಕಿನೂ ಆ ಕೋಚಿಂಗಿನ್ಯಾಗ ಪಾಠ ಹೇಳಾಕ ಸೇರ್ಯಾಳ. ಮನಿ ಮಗಳಿಗೆ ಕೊಟ್ರ ಏನಾತು?"

ಮೈಯೆಲ್ಲ ಉರಿಯಿತು. ಆಮೇಲೆ ಕ್ರಾಂತಿ ನೆನಪಾದ. ಅಳು ಬಂತು.

ಜೂನ್ 25. ಕೂಡ್ಲಿಗಿಗೆ ಹೋಗಿ ಬಂದು

ಕ್ರಾಂತಿ ಸಿಗಲಿಲ್ಲ. ಹರಪನಹಳ್ಳಿಯ ಒಂದು ಶಾಲೆಗೆ ಸೇರಿದ್ದಾನೆ. ಫೋನೂ ಎತ್ತುವುದಿಲ್ಲ.

ಅವನ ತಾಯಿ ಸುಂಕಮ್ಮ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟರು. ನಮ್ಮ ಮನೆಯಲ್ಲಿ ಅವನಿಗೆ ಯಾವಾಗಲೂ ಪೇಪರ್ ಕಪ್. ಅವನೊಬ್ಬನಿಗೇ. ಅತ್ತೆಯ ಪದ್ಧತಿ ಅಂತ ನಾನು ಸುಮ್ಮನಿದ್ದೆ.

ತಪ್ಪಾಯಿತು ಎಂದೆ. ಸುಂಕಮ್ಮ ಬೈಯಲಿಲ್ಲ.

"ಅಲ್ರೀ ಮೇಡಂ, ಕ್ಲಾಸಿನ್ಯಾಗ ಅಷ್ಟು ಮಂದಿ ಕೇಳ್ತಿದ್ರು. ನಿಮಗ ನನ್ನ ಮಗನ ಮ್ಯಾಲೇ ಯಾಕ ಅನುಮಾನ ಬಂತು?"

ಏನೇನೋ ಕಾರಣ ಹೇಳತೊಡಗಿದೆ. ಪೂರ್ತಿ ಕೇಳಿದರು.

"ಅದಕ್ಕ ಅಲ್ಲ ಬಿಡ್ರಿ" ಎಂದರು.

ಅಲ್ಲ. ಅದಕ್ಕಲ್ಲ. ಅವನು ನಮ್ಮ ಜಾತಿಯವನಲ್ಲ—