ಹೊನ್ನೂರಪ್ಪನ ಕತ್ತಿ

ಸೆಪ್ಟೆಂಬರ್ ೧೪, ಭಾನುವಾರ

ಇದೊಂದನ್ನು ಬರೆಯದೆ ಬಿಟ್ಟುಬಿಡೋಣ ಎನಿಸಿತ್ತು. ಆ ಚಾಕುವಿನ ಬಾಗಿದ ತುದಿಯನ್ನು ನೆಟ್ಟಗೆ ಮಾಡಿಸಿದವಳು ನಾನೇ. ಹಳೆಯ ಆಯುಧ ಕೂಡಿಡುವವರ ವಾಟ್ಸಾಪ್ ಗ್ರೂಪ್‌ನಲ್ಲಿ ಫೋಟೋ ಹಾಕುವಾಗ ಮಾತ್ರ ‘ಸಿಕ್ಕಿದ್ದು ಹೀಗೆಯೇ’ ಎಂದು ಬರೆದೆ.

ಭಾನುವಾರದ ಕೆಲಸ ನಡೆದಿತ್ತು. ಕ್ಲಿನಿಕ್‌ಗೆ ರಜೆ. ಚಾಕುಗಳನ್ನೆಲ್ಲ ಕಪಾಟಿನಿಂದ ತೆಗೆದು, ಒರೆಸಿ, ಎಣ್ಣೆ ಸವರಿ, ಮತ್ತೆ ಒಳಗೆ. ಮೂವತ್ತೆರಡು. ಹಲ್ಲಿನ ಡಾಕ್ಟರ್ ಮನೆಯಲ್ಲಿ ಮೂವತ್ತೆರಡು ಚಾಕು ಎಂದರೆ ಜನ ನಗುತ್ತಾರೆ, ಗ್ರೂಪ್‌ನ ಹೊರಗೆ ಯಾರಿಗೂ ಹೇಳಿಲ್ಲ. ಅದರಲ್ಲಿ ಕೊಳ್ಳಬಾರದಿತ್ತು ಎನಿಸುವವೇ ಹೆಚ್ಚು. ಅಲೆಅಲೆಯಾದ ಉಕ್ಕಿನದೆಂದು ಆನ್‌ಲೈನ್‌ನಲ್ಲಿ ತರಿಸಿದ ‘ಡಮಾಸ್ಕಸ್’ — ಹುಣಸೆಹಣ್ಣಿನಿಂದ ತಿಕ್ಕಿದ ದಿನ ಅದರ ಅಲೆಗಳೆಲ್ಲ ತೊಳೆದುಹೋದವು. ಒಮ್ಮೆ ತೆರೆದರೆ ಮುಚ್ಚದ ರಾಂಪುರಿ. ಜಿಂಕೆ ಕೊಂಬಿನ ಹಿಡಿ ಎಂದು ಕೊಂಡದ್ದು, ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ವಾಸನೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. “ಈಳಿಗಿ ಮುಂದ ಕುಂತು ಒಂದು ಬದನಿಕಾಯಿ ಹೆಚ್ಚಾಕ ಬರಂಗಿಲ್ಲ. ಕಪಾಟ್ ತುಂಬ ಚಾಕು!”

ನಿಜವೇ ಅಲ್ಲವೇ.

ಮೂವತ್ತೆರಡನೆಯದು ಕಳೆದ ತಿಂಗಳು ಸಿರುಗುಪ್ಪದಲ್ಲಿ ಸಿಕ್ಕಿದ್ದು. ಹಲ್ಲಿನ ಕ್ಯಾಂಪ್ ಮುಗಿಸಿ ಕೆಂಚನಗುಡ್ಡದ ಕಡೆ ಹೋಗುವ ದಾರಿಯಲ್ಲಿ, ಒಂದು ಮನೆಯಲ್ಲಿ ನೀರು ಕೇಳಿದೆ. ಹಳೆಯ ಸಾಮಾನು ಏನಾದರೂ ಇದೆಯೇ ಎಂದೂ ಕೇಳಿದೆ. ಅದು ನನ್ನ ಚಟ. ಆ ಮನೆಯ ಸೊಸೆ ವಿರೂಪಮ್ಮ ಸೂರಿನ ಸಂದಿಯಿಂದ ಇದನ್ನು ತೆಗೆದುಕೊಟ್ಟಳು. ಗೇಣುದ್ದ. ತುದಿ ಒಳಕ್ಕೆ ಸುರುಳಿಯಂತೆ ಬಾಗಿತ್ತು.

“ಏನಮ್ಮ ಇದು?”

“ಕತ್ತೀದುರೀ.”

ಕತ್ತಿ ಇದು! ಎದುರಿಗೇ ಪಾಳೆಗಾರರ ಕೋಟೆಯ ಕಲ್ಲುಗಳು. ಮತ್ತೇನು ಕೇಳಲಿ? ದುಡ್ಡು ಕೊಟ್ಟು ತಂದೆ. ಹೊಡೆತ ಬಿದ್ದು ತುದಿ ಬಾಗಿದೆ ಎಂದುಕೊಂಡು ಕುರುಗೋಡಿಗೆ ಹೋಗಿ, ಕುಲುಮೆಯ ಗವಿಸಿದ್ದಪ್ಪನ ಕೈಯಲ್ಲಿ ಕಾಸಿ ಬಡಿಸಿ ನೆಟ್ಟಗೆ ಮಾಡಿಸಿದೆ. ‘ಪಾಳೆಗಾರರ ಕಾಲದ್ದಿರಬಹುದು’ ಎಂದು, ಸಿಕ್ಕಿದ ಓಣಿಯ ಹೆಸರನ್ನೂ ಸೇರಿಸಿ, ಗ್ರೂಪ್‌ನಲ್ಲಿ ಹಾಕಿದೆ. ಆ ‘ಇರಬಹುದು’ ಎರಡೇ ದಿನದಲ್ಲಿ ಎಲ್ಲಿ ಹೋಯಿತೋ.

ಸೆಪ್ಟೆಂಬರ್ ೧೭, ಬುಧವಾರ, ಮಧ್ಯಾಹ್ನ

ರೂಟ್ ಕೆನಾಲ್ ನಡುವೆ ಚನ್ನಬಸವರಾಜರ ಫೋನ್. ಗ್ರೂಪ್ ನಡೆಸುವವರು ಅವರೇ. ಅಕ್ಟೋಬರ್ ೧೨ಕ್ಕೆ ಗ್ರೂಪ್‌ನ ಪ್ರದರ್ಶನ. “ನಿಮ್ಮ ಕತ್ತಿ ನಡೂ ಟೇಬಲ್‌ಮ್ಯಾಗರೀ ಡಾಕ್ಟರಮ್ಮ. ಅದರ ಮುಂದಿಡೋ ಕಾರ್ಡ್ ಪ್ರಿಂಟಿಗೆ ಕೊಡ್ತೀನಿ.” ಸಂತೋಷವಾಯಿತು. ಆಮೇಲೆ ಆಗಲಿಲ್ಲ.

ಗ್ರೂಪ್‌ನ ಅಮರೇಶ್ ನನ್ನ ಪೋಸ್ಟ್ ನೋಡಿಯೇ ಕಾರು ತೆಗೆದುಕೊಂಡು ಸಿರುಗುಪ್ಪಕ್ಕೆ ಹೋಗಿದ್ದನಂತೆ. ಅದೇ ಓಣಿಯಲ್ಲಿ ಇನ್ನೂ ಎರಡು ತಂದಿದ್ದಾನೆ. ಫೋಟೋ ಕಳಿಸಿದ. ಎರಡರ ತುದಿಯೂ ಒಳಕ್ಕೆ ಬಾಗಿದೆ. ಒಂದೇ ಕಡೆಗೆ. ಒಂದೇ ಅಳತೆಗೆ.

ಮೂರಕ್ಕೂ ಒಂದೇ ರೀತಿಯ ಹೊಡೆತ ಬೀಳುತ್ತದೆಯೇ?

ಫೋನ್ ಕೆಳಗಿಟ್ಟು ಹಲ್ಲಿನ ಕೊಳೆ ಕೆರೆಯುವ ಸ್ಕೇಲರ್ ಎತ್ತಿಕೊಂಡೆ. ಅದರ ತುದಿಯೂ ಬಾಗಿದೆ. ಇಪ್ಪತ್ತು ವರ್ಷದಿಂದ ಹಿಡಿಯುತ್ತಿದ್ದೇನೆ. ಅದನ್ನು ಯಾರಾದರೂ ನೆಟ್ಟಗೆ ಮಾಡಿಸಿದರೆ... ಪೇಷಂಟ್ ಬಾಯಿ ತೆರೆದುಕೊಂಡು ಕಾಯುತ್ತಿದ್ದ.

ಸೆಪ್ಟೆಂಬರ್ ೨೧, ಭಾನುವಾರ

ಅತ್ತೆಗೆ ಅಮರೇಶನ ಫೋಟೋ ತೋರಿಸಿದೆ. ಕನ್ನಡಕ ಹುಡುಕಿ, ಹಾಕಿಕೊಂಡು, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು...

“ಇದು ಕತ್ತೀದಲ್ಲ?”

“ಹೌದು ಅತ್ತೆ, ಕತ್ತಿ.”

“ಕತ್ತೀದವಾ.”

“ಅದೇ, ಪಾಳೆಗಾರರ ಕತ್ತಿ.”

“ಪಾಳೆಗಾರ್ರು ಕತ್ತಿ ಯಾಕ ಸಾಕ್ತಾರ, ಅವ್ರಿಗೆ ಕುದುರಿ ಇರ್ಲಿಲ್ಲೇನು?” ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಆಮೇಲೆ ಶುರುವಾಯಿತು ನಗು. ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಯವ್ವಾ ನಮ್ಮವ್ವಾ! ಕತ್ತಿ ಅಂದ್ರ ಕತ್ತಿ! ನಾಕು ಕಾಲಿಂದು, ಒದರತೈತಲ್ಲ! ಅದರ ಗೊರಸು ಕೆತ್ತೋ ಚಾಕು ಇದು. ತುದಿ ಡೊಂಕ್ ಇದ್ರನ ಗೊರಸಿನ ಒಳಗಿನ ಕೊಳಿ ಬರ್ತೈತಿ.”

ಕತ್ತೆ. ಕತ್ತೆಯದು. ಅವರ ಬಾಯಲ್ಲಿ ಕತ್ತೀದು. ಈ ಮನೆಯಲ್ಲಿ ಮನಿ, ಸಾಲಿ, ಅಡಿಗಿ ಎಂದು ದಿನವೂ ಕೇಳುತ್ತೇನೆ. ಕಾನ್ವೆಂಟಿನಲ್ಲಿ ಓದಿದ್ದು ನೆಪವಾಗುವುದಿಲ್ಲ. ವಿರೂಪಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ನನಗೆ ಬೇಕಾದದ್ದನ್ನು ನಾನು ಕೇಳಿಸಿಕೊಂಡೆನೇ?

ಅತ್ತೆ ರಾತ್ರಿಯ ಊಟದವರೆಗೂ ನಕ್ಕರು. ಬಡಿಸುವಾಗ ಮಾತ್ರ ಕೇಳಿದರು, “ಅದನ್ನ ಮಾರಿದ್ರ, ಅವ್ರ ಮನ್ಯಾಗ ಕತ್ತಿ ಗೊರಸು ಹೆಂಗ ಕೆತ್ತತಾರ?”

ಸೆಪ್ಟೆಂಬರ್ ೨೮, ಭಾನುವಾರ

ಒಂದು ವಾರ ಏನೂ ಬರೆಯಲಿಲ್ಲ. ಬರೆದರೆ ಹೋಗಬೇಕಾಗುತ್ತದೆ ಎಂಬ ಹೆದರಿಕೆ. ಇವತ್ತು ಸಿರುಗುಪ್ಪಕ್ಕೆ ಹೋದೆ.

ವಿರೂಪಮ್ಮನ ಮಾವ ಹೊನ್ನೂರಪ್ಪ. ಊರಿನ ಬಟ್ಟೆಗಂಟನ್ನು ಕತ್ತೆಯ ಮೇಲೆ ಹೊಳೆಗೆ ಒಯ್ಯುತ್ತಾರೆ. ಒಯ್ಯುತ್ತಿದ್ದರು. ಕತ್ತೆ ಗೋಡೆಗೆ ಆನಿಕೊಂಡು ನಿಂತಿತ್ತು, ಮುಂಗಾಲಿನ ಗೊರಸು ಚಪ್ಪಲಿಯಂತೆ ಮುಂದಕ್ಕೆ ಬೆಳೆದು. ಹೆಜ್ಜೆ ಇಟ್ಟರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಗಂಟು ಈಗ ಮುದುಕನ ತಲೆಯ ಮೇಲೆ.

“ಮಾವ, ಒಯ್ದೋರು ಇವ್ರ ನೋಡ್ರಿ,” ಎಂದಳು ವಿರೂಪಮ್ಮ. ನನ್ನ ಕಡೆ ತಿರುಗಿ, “ನೀವು ಹಳೇದೇನೈತಿ ಅಂದ್ರಿ. ಹಳೇದು ಅದ ಇತ್ತು. ಹೊಸಾದು ಮಾಡಿಸಿಕೊಂಡ್ರಾತು ಅಂದ್ಕೊಂಡೆ.” ತಪ್ಪು ಅವಳದೂ ಅಲ್ಲ ಎನಿಸಿತು. ಹಾಗಾದರೆ ಯಾರದು?

ಬ್ಯಾಗಿನಿಂದ ಚಾಕು ತೆಗೆದುಕೊಟ್ಟೆ. ಹೊನ್ನೂರಪ್ಪ ತಿರುಗಿಸಿ ನೋಡಿದರು. ವಾಪಸು ಚಾಚಿದರು.

“ಇದು ಯಾರದವಾ? ನಂದಲ್ಲ ಇದು.”

“ನಿಮ್ಮದೇ ತಾತಾ. ನಾನೇ... ನೆಟ್ಟಗೆ ಮಾಡಿಸಿದೆ.”

“ನೆಟ್ಟಗ?” ಬಯ್ಯುತ್ತಾರೆ ಎಂದು ಕಾದೆ. ಅವರು ಹಿಡಿಯನ್ನು ಹೆಬ್ಬೆರಳಿನಿಂದ ತಡವಿ ಗುರುತು ಹಿಡಿದರು. “ನಂದ ಐತಿ. ಪಾಪ, ಚಂದ ಕಾಣ್ಲಿ ಅಂತ ಮಾಡ್ಸೀದಿ. ಕತ್ತಿ ಚಂದ ಕೇಳಂಗಿಲ್ಲವಾ.”

ಯಾರದ್ದಾದರೂ ಒಂದು ಇಸಿದುಕೊಳ್ಳಬಹುದಿತ್ತಲ್ಲ ಎಂದೆ. ಓಣಿಯಲ್ಲಿ ಇದ್ದದ್ದೇ ಮೂರು. ಉಳಿದೆರಡನ್ನು ಕಾರಿನ ಸಾಹೇಬರೊಬ್ಬರು ಒಯ್ದರಂತೆ. ಅದೇ ಓಣಿಯ ಹಂಪಯ್ಯನ ಮನೆಯ ಎರಡು ಕತ್ತೆಗಳೂ ಕುಂಟುತ್ತಿವೆ. “ಕಾರಿನ ಸಾಯ್ಬ ನೀ ಹಾಕಿದ್ದ ಫೋಟೋ ಫೋನ್‌ನ್ಯಾಗ ತೋರ್ಸಿದ್ದ. ರಾಜರ ಸಾಮಾನು ಅಂದ. ಹಂಪಯ್ಯ ನಮ್ಮನ್ಯಾಗ ರಾಜರ ಸಾಮಾನು ಎಲ್ಲಿಂದ ಬಂತಪ ಅಂದ್ಕೊಂತನ ಕೊಟ್ಟಾನ!” ಮುದುಕ ನಕ್ಕರು. ನನಗೆ ನಗಲು ಆಗಲಿಲ್ಲ.

ಹೊಸದು ಮಾಡಿಸಿಕೊಡುತ್ತೇನೆ, ಬಾಗು ಎಷ್ಟಿರಬೇಕು ಎಂದೆ. ಅವರು ತೋರುಬೆರಳನ್ನು ಮಡಿಸಿ ನನ್ನ ಪ್ರಿಸ್ಕ್ರಿಪ್ಷನ್ ಹಾಳೆಯ ಮೇಲೆ ಇಟ್ಟರು. “ಇಷ್ಟು. ನಮ್ಮಪ್ಪಂದೂ ಹಿಂಗ ಬೆರಳಿಟ್ಟು ಮಾಡ್ಸಿದ್ದು.” ಬೆರಳಿನ ಸುತ್ತ ಪೆನ್ನಿನಿಂದ ಗೆರೆ ಎಳೆದುಕೊಂಡೆ. ಹಾಳೆಯನ್ನು ಮಡಿಸಿ, ಹಳೆಯ ಚಾಕುವಿನ ಜೊತೆ ಬ್ಯಾಗಿಗೆ ಹಾಕಿದೆ.

ಅಕ್ಟೋಬರ್ ೧, ಬುಧವಾರ

ಕುರುಗೋಡಿಗೆ ಹೋಗಿ ಬಂದದ್ದು ದಂಡ. ತಿದಿ, ಸುತ್ತಿಗೆ, ಇಕ್ಕಳ, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂ. ಗವಿಸಿದ್ದಪ್ಪ ಹೊಸ ಪಂಚೆ ಉಟ್ಟು ಕೂತಿದ್ದರು.

“ಆಯುಧ ಪೂಜಿ ದಿನ ಬೆಂಕಿ ಹಚ್ಚಂಗಿಲ್ಲರೀ ಅಮ್ಮಾರ. ಹತಾರಕ್ಕೂ ಒಂದಿನ ರಜಾ ಬ್ಯಾಡೇನು?”

ಮೂವತ್ತೆರಡು ಚಾಕು ಇಟ್ಟುಕೊಂಡವಳಿಗೆ ಈ ದಿನ ನೆನಪಿರಲಿಲ್ಲ.

ಹಾಳೆಯ ಮೇಲಿನ ಗೆರೆ ನೋಡಿ ತಲೆಯಾಡಿಸಿದರು. “ಅವತ್ತ ಕೇಳಬೇಕಂತ ಬಾಯಿಗೆ ಬಂದಿತ್ತು, ಇದು ಗೊರಸಿಂದಲ್ಲೇನು ಅಂತ. ನೀವು ರಿಸ್ಟೋರು, ರಿಸ್ಟೋರು ಅಂದ್ರಿ. ಓದಿದೋರು, ಗೊತ್ತಿರ್ತೈತಿ ಬಿಡು ಅಂದೆ.”

ಹಳೆಯದನ್ನೇ ಮತ್ತೆ ಬಾಗಿಸಲು ಆಗದಂತೆ. ಇನ್ನೊಮ್ಮೆ ಕಾಸಿದರೆ ಸೀಳುತ್ತದೆ. ಹೊಸದು ಶನಿವಾರಕ್ಕೆ.

ಅಕ್ಟೋಬರ್ ೫, ಭಾನುವಾರ

ಕೊಟ್ಟೆ. ಹೊನ್ನೂರಪ್ಪ ತುದಿಯನ್ನು ಬೆರಳಿಗೆ ತಾಳೆ ನೋಡಿದರು. “ಬರೋಬ್ಬರಿ. ಕಾಲು ಹಿಡೀವಾ.”

“ನಾನಾ?”

“ಮತ್ಯಾರು, ಪಾಳೆಗಾರ್ರು ಬರ್ತಾರೇನು?”

ಹಿಡಿದೆ. ಬಿಸಿಯಾದ, ಗಟ್ಟಿಯಾದ ಕಾಲು. ಗೊರಸು ಸೌತೆಕಾಯಿ ಹೋಳಿನಂತೆ ಕಳಚಿ ಬಿತ್ತು. ಒಳಗೆ ಕಪ್ಪಗೆ ಕೊಳೆತ ಜಾಗ. ಡೊಂಕು ತುದಿ ಅಲ್ಲಿಗೆ ಹೋಗಿ ಕೊಳೆಯನ್ನು ಎಳೆದುಕೊಂಡು ಬಂತು. ನಾನು ದಿನವೂ ಮಾಡುವ ಕೆಲಸವೇ. ಕತ್ತೆ ಒಮ್ಮೆ ನಡುಗಿತು, ಒದೆಯಲಿಲ್ಲ. ಕಾಲು ಕೆಳಗಿಟ್ಟು, ಭಾರ ಹಾಕಿ ನೋಡಿತು. ಮತ್ತೆ ಹಾಕಿತು.

ಹಂಪಯ್ಯ ಬಾಗಿಲಲ್ಲೇ ನಿಂತಿದ್ದರು. ಕತ್ತೆಯ ಕಾಲನ್ನೇ ನೋಡುತ್ತಿದ್ದರು. ನಿಮಗೂ ಮಾಡಿಸಿಕೊಡಲೇ ಎಂದೆ. “ಬ್ಯಾಡ್ರಿ. ಅದು ನಮ್ಮ ಅಣ್ಣ ಹಿಡದಿದ್ದ ಚಾಕು. ಅದ ಬರ್ಲಿ.”

ಬಸ್ ಸ್ಟ್ಯಾಂಡಿನಿಂದಲೇ ಅಮರೇಶನಿಗೆ ಫೋನ್ ಮಾಡಿದೆ. ನಂಬಲಿಲ್ಲ.

“ನೀವ ಬರದೀರಿ ಪಾಳೆಗಾರರದು ಅಂತ. ಈಗ ಕತ್ತೀದಂತೀರಿ. ಮೂರೂ ನಿಮ್ಮ ಕಪಾಟ್‌ನ್ಯಾಗ ಸೇರ್ಬೇಕಂತ ಹಿಂಗ ಹೇಳ್ತೀರೇನು ಮೇಡಂ?”

“ಇಲ್ಲ ಅಮರೇಶ್, ನಿಜವಾಗಿ —”

“ಹಂಗಾರ ಗ್ರೂಪ್‌ನ್ಯಾಗ ಹಾಕ್ರಿ. ಎಲ್ಲರ ಮುಂದ. ಹಾಕಿದ ದಿನಾನ ಎರಡೂ ಹೋಗಿ ಕೊಟ್ಟು ಬರ್ತೀನಿ.”

ನ್ಯಾಯವಾಗಿಯೇ ಹೇಳಿದ.

ಅಕ್ಟೋಬರ್ ೭, ಮಂಗಳವಾರ, ಸಂಜೆ

ಮೂರು ಸಲ ಟೈಪ್ ಮಾಡಿ ಅಳಿಸಿದೆ. ಮೊದಲನೆಯದರಲ್ಲಿ ತಪ್ಪನ್ನು ವಿರೂಪಮ್ಮನ ಉಚ್ಚಾರಣೆಯ ಮೇಲೆ ಹಾಕಿದ್ದೆ. ಎರಡನೆಯದರಲ್ಲಿ ‘ಹೊಸ ಮಾಹಿತಿಯ ಪ್ರಕಾರ’ ಎಂದಿತ್ತು. ಮಾಹಿತಿ ಹೊಸದೇನಲ್ಲ, ನನಗೆ ಹದಿನಾರು ದಿನದಿಂದ ಗೊತ್ತು. ಮೂರನೆಯದು ಚೆನ್ನಾಗಿತ್ತು, ಬಹಳ ವಿನಯವಾಗಿತ್ತು. ಅದಕ್ಕೇ ಅಳಿಸಿದೆ.

ಚನ್ನಬಸವರಾಜರು ಕಾರ್ಡ್ ಕಳಿಸಿದ್ದಾರೆ. ಹೊಂಬಣ್ಣದ ಅಂಚು. ನನ್ನ ಹೆಸರು ಚಾಕುವಿಗಿಂತ ದೊಡ್ಡದಾಗಿ. ನೂರಾ ನಲವತ್ತು ಜನ ಇದ್ದಾರೆ ಗ್ರೂಪ್‌ನಲ್ಲಿ. ನಗುತ್ತಾರೆ. ನಗಲಿ ಎಂದು ಬರೆಯುವುದು ಸುಲಭ. ನಿಜವಾಗಿ ನಗಲಿ ಎನಿಸುತ್ತದೆಯೇ? ಇನ್ನೂ ಗೊತ್ತಿಲ್ಲ. ಗೊತ್ತಾಗುವವರೆಗೆ ಕಾಯುವುದಾದರೆ ಹಂಪಯ್ಯನ ಕತ್ತೆಗಳೂ ಕಾಯಬೇಕು.

ಅತ್ತೆಗೆ ಓದಿ ಹೇಳಿದೆ, ನಾಲ್ಕನೆಯದನ್ನು. ನಾಲ್ಕೇ ಸಾಲು: ಇದು ಕತ್ತೆಯ ಗೊರಸು ಕೆತ್ತುವ ಚಾಕು. ತುದಿ ಬಾಗಿತ್ತು, ನಾನು ಕೆಡಿಸಿದೆ. ಸುಳ್ಳು ಬರೆದೆ. ಆ ಓಣಿಗೆ ಯಾರೂ ಕೊಳ್ಳಲು ಹೋಗಬೇಡಿ.

ಅವರು ನಗಲಿಲ್ಲ. “ಯಾವಾಗ ಹಾಕ್ತಿ?” ಎಂದರು.

ನಾಳೆ. ಬುಧವಾರ, ಅಕ್ಟೋಬರ್ ೮, ಬೆಳಿಗ್ಗೆ ಹತ್ತಕ್ಕೆ, ಕ್ಲಿನಿಕ್ ಬಾಗಿಲು ತೆರೆಯುವ ಮೊದಲು ಹಾಕುತ್ತೇನೆ.