ತುಟಿ ಬಿಚ್ಚದ ಗವರ್ನರ್

ಜೂನ್ ೬, ಗುರುವಾರ.

ಕೇಂದ್ರ ಬ್ಯಾಂಕಿನ ಗವರ್ನರನಾಗಿ ಇಂದು ಬಡ್ಡಿ ದರ ಇಳಿಸಿದೆ. ಕ್ಯಾಮೆರಾಗಳೆದುರು ತಣ್ಣಗೆ ಓದಿದೆ. ಎದೆಯೊಳಗೆ ಮಾತ್ರ ನಗಾರಿ! ಮನೆಗೆ ಬರುವಷ್ಟರಲ್ಲಿ ಭಾವಮೈದನ ಫೋನು. ಹೋದ ವಾರ ಊಟಕ್ಕೆ ಕೂತಾಗ ಅವನು, "ಭಾವ, ಮನೆ ಸಾಲ ಈಗ್ಲೇ ತಗೊಳ್ಲಾ, ಕಾಯ್ಲಾ?" ಎಂದಿದ್ದ. ಬಡ್ಡಿ ದರ ನಿರ್ಧರಿಸುವ ಸಭೆಗೆ ಮುಂಚಿನ ವಾರ ನಾವು ಅದರ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಕಾಲೇಜು ನಾಟಕಗಳಲ್ಲಿ ರಂಗಮಂದಿರವನ್ನೇ ನಡುಗಿಸಿದ್ದ ಈ ಕಂಠ ತುತ್ತು ನುಂಗಿ ಸುಮ್ಮನಾಗಿತ್ತು. ಮರುದಿನವೇ ಅವನು ಹಳೆಯ ಹೆಚ್ಚಿನ ದರಕ್ಕೆ, ಅದೂ ಮುಂದೆ ಬದಲಾಗದ ಸ್ಥಿರ ದರಕ್ಕೆ, ಸಹಿ ಹಾಕಿಬಿಟ್ಟಿದ್ದ.

"ನೀವೂ ಒಬ್ಬ ಭಾವನಾ? ಕಣ್ಣಾದ್ರೂ ಮಿಟುಕಿಸ್ಬಾರ್ದಿತ್ತಾ?" ಎಂದು ಫೋನಿನಲ್ಲಿ ಕೂಗಾಡಿದ.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಫೋನು ಕಸಿದುಕೊಂಡಳು. "ಲೋ, ನಂಗೇ ಹೇಳ್ಲಿಲ್ಲ ಕಣೋ! ನಾನೂ ಟೀವಿ ನೋಡೇ ತಿಳ್ಕೊಂಡಿದ್ದು. ನೀನ್ಯಾವ ದೊಡ್ಡ ಮನುಷ್ಯ?"

ಆಹಾ, ಅವಳ ಆ ಗತ್ತು! ನನ್ನ ಪದವಿ, ಪದಕ, ಸನ್ಮಾನಗಳನ್ನೆಲ್ಲ ತಕ್ಕಡಿಯ ಒಂದೇ ತಟ್ಟೆಗೆ ಸುರಿದರೂ, ಅವಳ ಆ ಒಂದು ಮಾತಿನ ತಟ್ಟೆಯೇ ಭಾರ!